ಮೊದಲು ಲೀಕೇಜ್, ಆಮೇಲೆ ಗೇನ್: ಮನೆಯಲ್ಲೇ ಟ್ರಾನ್ಸಿಸ್ಟರ್ ಟೆಸ್ಟರ್ ಮಾಡುವುದು ಹೇಗೆ

ಕೆಲವು ವರ್ಷಗಳ ಹಿಂದೆ ಒಂದು ಹಳೆಯ ಆಂಪ್ಲಿಫೈಯರ್ ರಿಪೇರಿಗೆ ಕೂತಿದ್ದೆ. ಔಟ್‌ಪುಟ್‌ನ ಎರಡೂ 2ಎನ್3055 ಪವರ್ ಟ್ರಾನ್ಸಿಸ್ಟರ್ ಸುಟ್ಟಿದ್ದವು. ಹೊಸ ಜೋಡಿ ತಂದೆ, ಮಲ್ಟಿಮೀಟರ್‌ನ ಡಯೋಡ್ ರೇಂಜ್‌ನಲ್ಲಿ ನೋಡಿದೆ, ಎರಡೂ ಸರಿ ಅನಿಸಿತು, ಹಾಕಿದೆ. ಹಾಡು ಮೆಲ್ಲಗೆ ಬರುತ್ತಿದ್ದಾಗ ಎಲ್ಲ ಚೆನ್ನಾಗಿತ್ತು. ವಾಲ್ಯೂಮ್ ಏರಿಸಿದ ಹತ್ತು ನಿಮಿಷಕ್ಕೆ ಒಂದು ಟ್ರಾನ್ಸಿಸ್ಟರ್ ಶಾರ್ಟ್ ಆಯಿತು, ಅದರ ಜೊತೆಗೆ ವೂಫರ್‌ನ ಕಾಯಿಲ್ ಕೂಡ ಹೋಯಿತು. ಆ ಟ್ರಾನ್ಸಿಸ್ಟರ್‌ನ ಟೋಪಿ ಕತ್ತರಿಸಿ ನೋಡಿದೆ. ಅಷ್ಟು ದೊಡ್ಡ ಕಬ್ಬಿಣದ ಚಿಪ್ಪಿನೊಳಗೆ ಸಾಸಿವೆ ಕಾಳಿನಷ್ಟು ಸಿಲಿಕಾನ್ ಚೂರು ಕೂತಿತ್ತು. ಹೆಸರು ಮಾತ್ರ 2ಎನ್3055. (ಕತ್ತರಿಸಿ ನೋಡುವ ಆಸೆ ನಿಮಗೂ ಬಂದರೆ ಒಂದು ಎಚ್ಚರ. ರೇಡಿಯೋ ಟ್ರಾನ್ಸ್‌ಮಿಟರ್‌ನಲ್ಲಿ ಬರುವ ಆರ್‌ಎಫ್ ಪವರ್ ಟ್ರಾನ್ಸಿಸ್ಟರ್ ಮಾತ್ರ ಒಡೆಯಬೇಡಿ, ಕೆಲವದರಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತದೆ, ಅದರ ಪುಡಿ ಶ್ವಾಸಕೋಶಕ್ಕೆ ವಿಷ.)

ಡಯೋಡ್ ಟೆಸ್ಟ್ ಹೇಳುವುದು ಇಷ್ಟೇ: ಒಳಗೆ ಎರಡು ಜಂಕ್ಷನ್ ಇವೆ, ಅವು ಒಡೆದಿಲ್ಲ. ಆದರೆ ಟ್ರಾನ್ಸಿಸ್ಟರ್ ಹತ್ತಿರ ನಾವು ಕೇಳಬೇಕಾದ್ದು ಮೂರು ವಿಷಯ. (ಅದರ ಮೂರು ಕಾಲು ಬೇಸ್, ಕಲೆಕ್ಟರ್, ಎಮಿಟರ್. ಬೇಸ್‌ಗೆ ಕೊಟ್ಟ ಚಿಕ್ಕ ಕರೆಂಟ್ ಕಲೆಕ್ಟರ್-ಎಮಿಟರ್ ನಡುವೆ ದೊಡ್ಡ ಕರೆಂಟ್ ಹರಿಸುತ್ತದೆ.) ಬೇಸ್‌ಗೆ ಏನೂ ಕೊಡದಿದ್ದಾಗ ಸುಮ್ಮನಿರುತ್ತದಾ, ಅಂದರೆ ಲೀಕೇಜ್ ಎಷ್ಟು? ಬೇಸ್‌ಗೆ ಸ್ವಲ್ಪ ಕರೆಂಟ್ ಕೊಟ್ಟರೆ ಅದನ್ನು ಎಷ್ಟು ಪಟ್ಟು ಮಾಡುತ್ತದೆ, ಅಂದರೆ ಗೇನ್ ಎಷ್ಟು? ನಿಜವಾದ ಲೋಡ್ ಹಾಕಿದರೆ ತಡೆಯುತ್ತದಾ? ಈ ಮೂರನ್ನೂ ಇದೇ ಸಾಲಿನಲ್ಲಿ ಕೇಳಬೇಕು. ಲೀಕೇಜ್ ನೋಡದೆ ಗೇನ್ ಓದಿದರೆ ಸಿಕ್ಕ ನಂಬರ್ ಸುಳ್ಳಾಗಿರಬಹುದು. ಅದಕ್ಕೇ ಈ ಪೆಟ್ಟಿಗೆಯ ಸ್ವಿಚ್‌ನಲ್ಲಿ ಮೊದಲನೇ ಜಾಗ ಲೀಕೇಜ್‌ಗೇ ಇಟ್ಟಿದ್ದೇನೆ.

ಮಲ್ಟಿಮೀಟರ್‌ನಲ್ಲೇ ಗೇನ್ ತೋರಿಸುವ ಎಚ್‌ಎಫ್‌ಇ ತೂತು ಇದೆಯಲ್ಲ, ಇನ್ನೊಂದು ಯಾಕೆ ಅಂತ ಕೇಳಬಹುದು. ಡಿಟಿ830ಡಿ ತರಹದ ಹಳದಿ ಮೀಟರ್‌ನಲ್ಲಿ ಆ ತೂತು ಬೇಸ್‌ಗೆ ಸುಮಾರು 10 ಮೈಕ್ರೋಆಂಪ್ ಕೊಡುತ್ತದೆ. ಬಿಸಿ547 ತರಹದ ಚಿಕ್ಕ ಟ್ರಾನ್ಸಿಸ್ಟರ್‌ಗೆ ಅದು ಸಾಕು. ಪವರ್ ಟ್ರಾನ್ಸಿಸ್ಟರ್‌ಗೆ ಅದು ಏನೇನೂ ಅಲ್ಲ, ಕಾಲೂ ಒಳಗೆ ಹೋಗುವುದಿಲ್ಲ, ಲೀಕೇಜ್ ಬೇರೆಯಾಗಿ ತೋರಿಸುವುದೂ ಇಲ್ಲ. ಇನ್ನು ಆನ್‌ಲೈನ್‌ನಲ್ಲಿ ಸಿಗುವ ಡಿಸ್‌ಪ್ಲೇ ಇರುವ ಚಿಕ್ಕ ಟೆಸ್ಟರ್. ಅದರ ಮೂಲ ಜರ್ಮನಿಯ ಮಾರ್ಕುಸ್ ಫ್ರೆಯೆಕ್ ಮಾಡಿದ ವಿನ್ಯಾಸ, ಆಮೇಲೆ ಕಾರ್ಲ್-ಹೈನ್ಸ್ ಕ್ಯೂಬೆಲರ್ ಅದನ್ನು ತುಂಬಾ ಬೆಳೆಸಿದರು. ಬಹಳ ಒಳ್ಳೆಯ ಸಾಧನ, ಯಾವ ಕಾಲು ಯಾವುದು ಅಂತ ತಾನೇ ಹುಡುಕಿ ಹೇಳುತ್ತದೆ, ನನ್ನ ಹತ್ತಿರವೂ ಒಂದಿದೆ. ಆದರೆ ಅದು 5 ವೋಲ್ಟ್‌ನಿಂದ 680 ಓಮ್ ಮೂಲಕ ಕರೆಂಟ್ ಕೊಡುತ್ತದೆ, ಹಾಗಾಗಿ 7 ಮಿಲಿಆಂಪ್ ದಾಟುವುದಿಲ್ಲ. ನಾವು ಮಾಡುವ ಪೆಟ್ಟಿಗೆ 100 ಮಿಲಿಆಂಪ್‌ವರೆಗೆ ಹೋಗುತ್ತದೆ. ಒಳಗೆ ಪ್ರೋಗ್ರಾಮ್ ಮಾಡಬೇಕಾದ ಚಿಪ್ ಒಂದೂ ಇಲ್ಲ, ಕೆಟ್ಟರೆ ನೀವೇ ಸರಿ ಮಾಡಿಕೊಳ್ಳಬಹುದು.

ಲೆಕ್ಕ ತುಂಬಾ ಸುಲಭ

ಸರಿಯಾಗಿ 5 ವೋಲ್ಟ್ ಸಪ್ಲೈ ಇದೆ ಅಂದುಕೊಳ್ಳಿ. ಸಿಲಿಕಾನ್ ಟ್ರಾನ್ಸಿಸ್ಟರ್‌ನ ಬೇಸ್-ಎಮಿಟರ್ ನಡುವೆ 0.6 ವೋಲ್ಟ್ ಹೋಗುತ್ತದೆ, ಉಳಿಯುವುದು 4.4. ಬೇಸ್‌ಗೆ 440 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ಹರಿಯುವುದು ಸರಿಯಾಗಿ 10 ಮೈಕ್ರೋಆಂಪ್. ಗೇನ್ 100 ಇದ್ದರೆ ಕಲೆಕ್ಟರ್‌ನಲ್ಲಿ 1 ಮಿಲಿಆಂಪ್ ಹರಿಯಬೇಕು. ಆ ದಾರಿಯಲ್ಲಿ ಒಂದು 100 ಓಮ್ ರೆಸಿಸ್ಟರ್ ಇಟ್ಟು ಅದರ ಮೇಲಿನ ವೋಲ್ಟೇಜ್ ನೋಡಿದರೆ 100 ಮಿಲಿವೋಲ್ಟ್. ಅಂದರೆ ಮೀಟರ್ ತೋರಿಸುವ ಮಿಲಿವೋಲ್ಟ್ ನಂಬರೇ ಗೇನ್! ಭಾಗಾಕಾರ ಬೇಡ, ಸ್ಕೇಲ್ ಬರೆಯುವುದು ಬೇಡ.

ಪವರ್ ಟ್ರಾನ್ಸಿಸ್ಟರ್‌ಗೆ ಬೇಸ್ ಕರೆಂಟ್ ಹತ್ತು ಪಟ್ಟು, ನೂರು ಪಟ್ಟು ಮಾಡುತ್ತೇವೆ. ಕಲೆಕ್ಟರ್ ರೆಸಿಸ್ಟರ್ ಅಷ್ಟೇ ಪಟ್ಟು ಕಡಿಮೆ ಮಾಡುತ್ತೇವೆ. ಆಗಲೂ ಮಿಲಿವೋಲ್ಟ್ ಅಂದರೆ ಗೇನ್. ರೋಟರಿ ಸ್ವಿಚ್‌ನ ನಾಲ್ಕು ಜಾಗ ಹೀಗೆ:

1: ಲೀಕೇಜ್. ಬೇಸ್ ಎಲ್ಲಿಗೂ ಸೇರಿಲ್ಲ. ಕಲೆಕ್ಟರ್‌ನಲ್ಲಿ 10 ಕಿಲೋ ಓಮ್. 1 ಮಿಲಿವೋಲ್ಟ್ ಅಂದರೆ 0.1 ಮೈಕ್ರೋಆಂಪ್.
2: ಚಿಕ್ಕ ಟ್ರಾನ್ಸಿಸ್ಟರ್. ಬೇಸ್ 10 ಮೈಕ್ರೋಆಂಪ್, ಕಲೆಕ್ಟರ್ 100 ಓಮ್.
3: ಮಧ್ಯಮ. ಬೇಸ್ 100 ಮೈಕ್ರೋಆಂಪ್, ಕಲೆಕ್ಟರ್ 10 ಓಮ್.
4: ದೊಡ್ಡದು. ಬೇಸ್ 1 ಮಿಲಿಆಂಪ್, ಕಲೆಕ್ಟರ್ 1 ಓಮ್.

9 ವೋಲ್ಟ್ ಬಿಟ್ಟು 5 ವೋಲ್ಟ್ ಆರಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. ಬೇಸ್-ಎಮಿಟರ್ ಜಂಕ್ಷನ್ ಉಲ್ಟಾ ವೋಲ್ಟೇಜ್ ಜಾಸ್ತಿ ತಡೆಯುವುದಿಲ್ಲ. ಬಿಸಿ547ಗೆ 6 ವೋಲ್ಟ್, ಬಿಸಿ557ಗೆ 5 ವೋಲ್ಟ್ ಅಷ್ಟೇ. ಗೊತ್ತಿಲ್ಲದ ಟ್ರಾನ್ಸಿಸ್ಟರ್‌ನ ಕಾಲು ಅದಲು ಬದಲಾಗಿ ಸಿಕ್ಕಿಸುವುದು ಎಲ್ಲರಿಗೂ ಆಗುತ್ತದೆ. 9 ವೋಲ್ಟ್ ಇದ್ದರೆ ಆ ಜಂಕ್ಷನ್ ಬ್ರೇಕ್‌ಡೌನ್ ಆಗಿ ಗೇನ್ ಶಾಶ್ವತವಾಗಿ ಕುಸಿಯಬಹುದು. ಟೆಸ್ಟ್ ಮಾಡುವ ಪೆಟ್ಟಿಗೆಯೇ ಮಾಲನ್ನು ಕೆಡಿಸಬಾರದು, ಅಲ್ವಾ?

ಏನೇನು ಬೇಕು

ಬೆಂಗಳೂರಿನವರಾದರೆ ಎಸ್‌ಪಿ ರೋಡ್‌ನಲ್ಲಿ ಒಂದೇ ಸುತ್ತಿನಲ್ಲಿ ಎಲ್ಲ ಸಿಗುತ್ತದೆ. ಬೇರೆ ಊರಿನಲ್ಲಿ ಟಿವಿ ರಿಪೇರಿಯವರಿಗೆ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೇಳಿ. ಅಡಾಪ್ಟರ್ ಮತ್ತು ಮೀಟರ್ ಬಿಟ್ಟರೆ ನನಗೆ ಉಳಿದದ್ದೆಲ್ಲ ಸೇರಿ ನಾನೂರು ರೂಪಾಯಿ ಒಳಗೇ ಆಯಿತು.

ರೆಸಿಸ್ಟರ್‌ಗಳು 1 ಪರ್ಸೆಂಟ್ ಮೆಟಲ್ ಫಿಲ್ಮ್ ಇರಲಿ, ಮೈಬಣ್ಣ ನೀಲಿ ಇರುತ್ತದೆ. 220ಕೆ ಎರಡು, 22ಕೆ ಎರಡು, 2.2ಕೆ ಎರಡು. ಪ್ರತಿ ಜೋಡಿಯನ್ನು ಸೀರೀಸ್‌ನಲ್ಲಿ ಸೇರಿಸಿದರೆ 440, 44, 4.4 ಕಿಲೋ ಓಮ್ ಸಿಗುತ್ತದೆ. 440ಕೆ ಅಂತ ಒಂದೇ ರೆಸಿಸ್ಟರ್ ಹುಡುಕುತ್ತಾ ಅಲೆಯಬೇಡಿ. ಕಲೆಕ್ಟರ್‌ಗೆ 10ಕೆ ಒಂದು, 100 ಓಮ್ ಒಂದು, 10 ಓಮ್ ಹನ್ನೊಂದು. ಹನ್ನೊಂದು ಯಾಕೆ ಅಂದರೆ 1 ಓಮ್‌ನಲ್ಲಿ 1 ಪರ್ಸೆಂಟ್ ಸಿಗುವುದು ಕಷ್ಟ. ಹತ್ತು 10 ಓಮ್‌ಗಳನ್ನು ಪಕ್ಕಪಕ್ಕ ಪ್ಯಾರಲಲ್ ಆಗಿ ಸೋಲ್ಡರ್ ಮಾಡಿದರೆ ನಿಖರವಾದ 1 ಓಮ್ ಆಗುತ್ತದೆ, ಕಾಲು ವ್ಯಾಟ್‌ನವು ಹತ್ತು ಸೇರಿ ಎರಡೂವರೆ ವ್ಯಾಟ್ ಕೂಡ ತಡೆಯುತ್ತದೆ.

3-ಪೋಲ್ 4-ವೇ ರೋಟರಿ ಸ್ವಿಚ್ ಒಂದು, ಹಳಬರು ಇದನ್ನು ಬ್ಯಾಂಡ್ ಸ್ವಿಚ್ ಅನ್ನುತ್ತಾರೆ. ಆರು ಕಾಲಿನ ಟಾಗಲ್ ಸ್ವಿಚ್ ಒಂದು, ಒತ್ತಿದಾಗ ಮಾತ್ರ ಸೇರುವ ಪುಶ್ ಬಟನ್ ಒಂದು. ಸ್ಥಿರವಾಗಿ 5 ವೋಲ್ಟ್ ಕೊಡುವ 7805 ರೆಗ್ಯುಲೇಟರ್, ಅದರ ಇನ್‌ಪುಟ್‌ಗೆ 0.33 ಮತ್ತು ಔಟ್‌ಪುಟ್‌ಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. 500 ಮಿಲಿಆಂಪ್ ಗಾಜಿನ ಫ್ಯೂಸ್, ಅದರ ಹೋಲ್ಡರ್. ಮೀಟರ್‌ಗೆ ಕೆಂಪು ಕಪ್ಪು ಸಾಕೆಟ್, ಮೂರು ಬಣ್ಣದ ಕ್ರೊಕೊಡೈಲ್ ಕ್ಲಿಪ್, 10 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಒಂದು, ಚಿಕ್ಕ ಡಾಟ್ ಬೋರ್ಡ್, ಪ್ಲಾಸ್ಟಿಕ್ ಡಬ್ಬಿ. ಕರೆಂಟಿಗೆ ಹಳೆಯ ಸೆಟ್‌ಟಾಪ್ ಬಾಕ್ಸ್ ಅಥವಾ ರೌಟರ್‌ನ 12 ವೋಲ್ಟ್ ಅಡಾಪ್ಟರ್. ಮೀಟರ್ ನಿಮ್ಮ ಹತ್ತಿರ ಇರುವುದೇ ಸಾಕು.

ಜೋಡಿಸುವುದು

ಚಿತ್ರ ಇಲ್ಲದೆ ಹೇಳುತ್ತಿದ್ದೇನೆ, ಹಾಗಾಗಿ ಒಂದು ಹಾಳೆ ತಗೊಂಡು ಓದುತ್ತಾ ಗೆರೆ ಎಳೆದುಕೊಳ್ಳಿ. ಆಗ ಸರ್ಕ್ಯೂಟ್ ಪೂರ್ತಿ ನಿಮ್ಮದಾಗುತ್ತದೆ.

ಮೊದಲು ಸಪ್ಲೈ. ಅಡಾಪ್ಟರ್‌ನ ಪ್ಲಸ್ ಫ್ಯೂಸ್ ಮೂಲಕ 7805ರ ಮೊದಲ ಕಾಲಿಗೆ. ಅಕ್ಷರ ನಿಮ್ಮ ಕಡೆ ಇಟ್ಟು ಕಾಲು ಕೆಳಗೆ ಹಿಡಿದರೆ ಎಡದ್ದು ಇನ್‌ಪುಟ್, ನಡುವಿನದು ಗ್ರೌಂಡ್ (ಅಡಾಪ್ಟರ್‌ನ ಮೈನಸ್ ಇಲ್ಲಿಗೆ, ಮುಂದೆ ಸೊನ್ನೆ ಅಂದರೆ ಇದೇ), ಬಲದ್ದು 5 ವೋಲ್ಟ್. ಎರಡೂ ಕೆಪಾಸಿಟರ್ 7805ರ ಕಾಲಿಗೆ ಆದಷ್ಟು ಹತ್ತಿರ ಇರಲಿ. ಇಷ್ಟು ಮಾಡಿ ನಿಲ್ಲಿಸಿ, ಮೀಟರ್ ಹಿಡಿದು ಔಟ್‌ಪುಟ್ ನೋಡಿ. 7805ಗೆ 4.8ರಿಂದ 5.2 ವೋಲ್ಟ್‌ವರೆಗೆ ಇರಲು ಅನುಮತಿ ಇದೆ. ಎರಡು ಮೂರು ತಂದು 5ಕ್ಕೆ ಹತ್ತಿರ ಇರುವುದನ್ನು ಇಟ್ಟುಕೊಳ್ಳಿ. ಅಡಾಪ್ಟರ್ ಬಿಟ್ಟು ನೇರ ಮೇನ್ಸ್‌ನಿಂದ ವೋಲ್ಟೇಜ್ ಇಳಿಸುವ ಯೋಚನೆ ಬೇಡವೇ ಬೇಡ. ಈ ಕ್ಲಿಪ್‌ಗಳನ್ನು ನಾವು ಕೈಯಲ್ಲಿ ಮುಟ್ಟುತ್ತೇವೆ.

ಇನ್ನು ಟಾಗಲ್ ಸ್ವಿಚ್. ಇದು ಎನ್‌ಪಿಎನ್, ಪಿಎನ್‌ಪಿ ಬದಲಿಸಲು. ಇವು ಟ್ರಾನ್ಸಿಸ್ಟರ್‌ನ ಎರಡು ಜಾತಿ, ಒಂದರಲ್ಲಿ ಕರೆಂಟ್ ಹರಿಯುವ ದಿಕ್ಕು ಇನ್ನೊಂದಕ್ಕೆ ಉಲ್ಟಾ. ಆರು ಕಾಲಿನಲ್ಲಿ ನಡುವಿನ ಎರಡು ಹೊರಗೆ ಹೋಗುವ ದಾರಿ. ಎಡದ್ದಕ್ಕೆ ಎಮಿಟರ್ ಲೈನ್, ಬಲದ್ದಕ್ಕೆ ಕಲೆಕ್ಟರ್ ಲೈನ್ ಅಂತ ಹೆಸರಿಡೋಣ. ಮೇಲಿನ ಎಡಗಾಲಿಗೆ ಸೊನ್ನೆ, ಮೇಲಿನ ಬಲಗಾಲಿಗೆ 5 ವೋಲ್ಟ್. ಕೆಳಗಿನ ಎಡಗಾಲಿಗೆ 5 ವೋಲ್ಟ್, ಕೆಳಗಿನ ಬಲಗಾಲಿಗೆ ಸೊನ್ನೆ, ಅಂದರೆ ಅಡ್ಡಡ್ಡ ಎರಡು ವೈರ್. ಟಾಗಲ್ ಸ್ವಿಚ್‌ನಲ್ಲಿ ಕಡ್ಡಿ ಕೆಳಗೆ ಒತ್ತಿದರೆ ಸೇರುವುದು ಮೇಲಿನ ಕಾಲುಗಳು. ಆದ್ದರಿಂದ ಡಬ್ಬಿ ಮೇಲೆ ಹೆಸರು ಬರೆಯುವ ಮೊದಲು ಮೀಟರ್‌ನಲ್ಲಿ ನೋಡಿ: ಎಮಿಟರ್ ಲೈನ್ ಸೊನ್ನೆ, ಕಲೆಕ್ಟರ್ ಲೈನ್ 5 ವೋಲ್ಟ್ ಇರುವ ಕಡೆ ಎನ್‌ಪಿಎನ್.

ಈಗ ರೋಟರಿ ಸ್ವಿಚ್. ಇಲ್ಲಿ ಅವಸರ ಬೇಡ. ಹೊರಗಿನ ಸುತ್ತಿನಲ್ಲಿ 12 ಕಾಲು, ಒಳಗೆ ಮೂರು ಕಾಲು. ಒಳಗಿನ ಎ ಕಾಲಿಗೆ 1ರಿಂದ 4, ಬಿಗೆ 5ರಿಂದ 8, ಸಿಗೆ 9ರಿಂದ 12 ಸೇರುತ್ತವೆ. ಮೀಟರ್‌ನ ಬೀಪ್ ರೇಂಜ್ ಇಟ್ಟು ಖಚಿತ ಮಾಡಿಕೊಳ್ಳಿ, ಎಲ್ಲ ಸ್ವಿಚ್‌ನಲ್ಲೂ ನಂಬರ್ ಒಂದೇ ತರಹ ಇರುವುದಿಲ್ಲ.

ಎ ಪೋಲ್ ಬೇಸ್‌ಗೆ. 1ನೇ ಕಾಲು ಖಾಲಿ. 2ಕ್ಕೆ 440ಕೆ, 3ಕ್ಕೆ 44ಕೆ, 4ಕ್ಕೆ 4.4ಕೆ. ಈ ಮೂರರ ಇನ್ನೊಂದು ತುದಿಗಳನ್ನು ಒಟ್ಟು ಸೇರಿಸಿ ಪುಶ್ ಬಟನ್‌ನ ಒಂದು ಕಾಲಿಗೆ, ಬಟನ್‌ನ ಇನ್ನೊಂದು ಕಾಲು ಕಲೆಕ್ಟರ್ ಲೈನ್‌ಗೆ. ಎ ನಡುಗಾಲಿನಿಂದ ಬೇಸ್ ಕ್ಲಿಪ್‌ಗೆ ವೈರ್.

ಬಿ ಪೋಲ್ ಕಲೆಕ್ಟರ್ ಕರೆಂಟಿಗೆ. 5ಕ್ಕೆ 10ಕೆ, 6ಕ್ಕೆ 100 ಓಮ್, 7ಕ್ಕೆ 10 ಓಮ್, 8ಕ್ಕೆ ಹತ್ತು ಸೇರಿಸಿ ಮಾಡಿದ 1 ಓಮ್. ಎಲ್ಲದರ ಇನ್ನೊಂದು ತುದಿ ಕಲೆಕ್ಟರ್ ಲೈನ್‌ಗೆ. ಬಿ ನಡುಗಾಲಿನಿಂದ ಕಲೆಕ್ಟರ್ ಕ್ಲಿಪ್‌ಗೆ.

ಸಿ ಪೋಲ್ ಬರೀ ಮೀಟರ್‌ಗೆ. 9, 10, 11, 12 ಕಾಲುಗಳಿಂದ ಒಂದೊಂದು ವೈರ್ ಎಳೆದು ಅದೇ ಸಾಲಿನಲ್ಲಿ ನಾಲ್ಕು ಕಲೆಕ್ಟರ್ ರೆಸಿಸ್ಟರ್‌ಗಳ ಬುಡಕ್ಕೆ ಸೇರಿಸಿ. ಸ್ವಿಚ್ ಕಾಲಿಗೆ ಅಲ್ಲ, ರೆಸಿಸ್ಟರ್‌ನ ಕಾಲಿಗೇ. ಸಿ ನಡುಗಾಲು ಕಪ್ಪು ಸಾಕೆಟ್‌ಗೆ. ಕೆಂಪು ಸಾಕೆಟ್‌ನ ವೈರ್ ಕಲೆಕ್ಟರ್ ಲೈನ್‌ಗೆ, ಅದೂ 1 ಓಮ್‌ನ ಕಾಲು ಲೈನ್‌ಗೆ ಸೇರುವ ಜಾಗದಲ್ಲೇ.

ಈ ಮೂರನೇ ಪೋಲ್ ದಂಡ ಅಂತ ಕಾಣಬಹುದು. ನಾನೂ ಮೊದಲ ಸಲ ಎರಡೇ ಪೋಲ್‌ನಲ್ಲಿ ಮಾಡಿದ್ದೆ. 4ನೇ ಜಾಗದಲ್ಲಿ ಅದೇ ಟ್ರಾನ್ಸಿಸ್ಟರ್ ಒಮ್ಮೆ 52, ಸ್ವಿಚ್ ತಿರುಗಿಸಿ ಬಂದರೆ 57 ತೋರಿಸುತ್ತಿತ್ತು. ಕಾರಣ ಸ್ವಿಚ್‌ನ ಒಳಗಿನ ಕಾಂಟ್ಯಾಕ್ಟ್. ಅದಕ್ಕೂ ಸ್ವಲ್ಪ ರೆಸಿಸ್ಟೆನ್ಸ್ ಇರುತ್ತದೆ, 100 ಓಮ್ ಮುಂದೆ ಅದು ಲೆಕ್ಕಕ್ಕಿಲ್ಲ, 1 ಓಮ್ ಮುಂದೆ ಲೆಕ್ಕಕ್ಕೆ ಬರುತ್ತದೆ. ಕರೆಂಟ್ ಹೋಗುವ ದಾರಿ ಬೇರೆ, ಅಳೆಯುವ ದಾರಿ ಬೇರೆ ಮಾಡಿದರೆ ಆ ತಪ್ಪು ಮೀಟರ್‌ಗೆ ಕಾಣುವುದೇ ಇಲ್ಲ.

ಕೊನೆಗೆ ಎಮಿಟರ್ ಲೈನ್‌ನಿಂದ ಎಮಿಟರ್ ಕ್ಲಿಪ್‌ಗೆ. ಬೇಸ್ ಮತ್ತು ಎಮಿಟರ್ ನಡುವೆ, ವೈರ್ ಡಬ್ಬಿಯಿಂದ ಹೊರಬರುವ ಕಡೆ, 10 ನ್ಯಾನೋಫ್ಯಾರಡ್ ಹಾಕಿ. ಬಿಎಫ್494 ತರಹದ ಹೈ ಫ್ರೀಕ್ವೆನ್ಸಿ ಟ್ರಾನ್ಸಿಸ್ಟರ್‌ಗಳು ಉದ್ದ ವೈರ್‌ನಲ್ಲಿ ತಾವೇ ಆಸಿಲೇಟ್ ಆಗಿ ನಂಬರ್ ಕುಣಿಸುತ್ತವೆ, ಇದು ಅದನ್ನು ತಡೆಯುತ್ತದೆ. ಕ್ಲಿಪ್ ವೈರ್‌ಗಳೂ ಒಂದು ಗೇಣಿಗಿಂತ ಉದ್ದ ಬೇಡ.

ಟ್ರಾನ್ಸಿಸ್ಟರ್ ಹಾಕುವ ಮುಂಚೆ ಪೆಟ್ಟಿಗೆಯನ್ನೇ ಟೆಸ್ಟ್ ಮಾಡಿ

ಇದು ನನಗೆ ತುಂಬಾ ಇಷ್ಟವಾದ ಭಾಗ. ಎನ್‌ಪಿಎನ್ ಕಡೆ ಇಟ್ಟು, ಮೀಟರ್ 2000 ಮಿಲಿವೋಲ್ಟ್ ರೇಂಜ್‌ನಲ್ಲಿ ಇಟ್ಟು, ಕಲೆಕ್ಟರ್ ಮತ್ತು ಎಮಿಟರ್ ಕ್ಲಿಪ್ ನಡುವೆ ಬರೀ ಒಂದು ರೆಸಿಸ್ಟರ್ ಹಿಡಿಯಿರಿ. 1ನೇ ಜಾಗದಲ್ಲಿ 470ಕೆ, 2ರಲ್ಲಿ 4.7ಕೆ, 3ರಲ್ಲಿ 470 ಓಮ್, 4ರಲ್ಲಿ 47 ಓಮ್. ನಾಲ್ಕು ಜಾಗದಲ್ಲೂ ಮೀಟರ್ 104 ತೋರಿಸಬೇಕು! 4700ಕ್ಕೆ 100 ಸೇರಿದರೆ 4800, 5 ವೋಲ್ಟ್ ಭಾಗ 4800 ಅಂದರೆ 1.04 ಮಿಲಿಆಂಪ್, ಗುಣಿಸು 100. ಉಳಿದ ಮೂರಕ್ಕೂ ಇದೇ ಲೆಕ್ಕ. ಒಂದು ಜಾಗದಲ್ಲಿ ಬೇರೆ ನಂಬರ್ ಬಂದರೆ ಆ ರೆಸಿಸ್ಟರ್ ಅಥವಾ ಆ ಸೋಲ್ಡರ್ ನೋಡಿ. 47 ಓಮ್ ಮಾತ್ರ ಅರ್ಧ ವ್ಯಾಟ್ ಬಿಸಿ ಆಗುತ್ತದೆ, ಬೇಗ ತೆಗೆಯಿರಿ.

ಬೇಸ್ ಕಡೆಗೆ ಮೀಟರ್ ಕರೆಂಟ್ ರೇಂಜ್‌ಗೆ ಹಾಕಿ, ಬೇಸ್ ಮತ್ತು ಎಮಿಟರ್ ಕ್ಲಿಪ್ ನಡುವೆ ಇಟ್ಟು ಬಟನ್ ಒತ್ತಿ. 2, 3, 4ನೇ ಜಾಗದಲ್ಲಿ ಸುಮಾರು 11.4 ಮೈಕ್ರೋಆಂಪ್, 114 ಮೈಕ್ರೋಆಂಪ್, 1.14 ಮಿಲಿಆಂಪ್ ಬರಬೇಕು. 10 ಬರಬೇಕಿತ್ತಲ್ಲ ಅಂತ ಗಾಬರಿ ಬೇಡ. ಟ್ರಾನ್ಸಿಸ್ಟರ್ ತಿನ್ನುವ 0.6 ವೋಲ್ಟ್ ಇಲ್ಲಿ ಇಲ್ಲ, ಅದಕ್ಕೇ ಜಾಸ್ತಿ.

ಬಳಸುವುದು

ಮೊದಲು ಬೇಸ್ ಯಾವುದು, ಜಾತಿ ಯಾವುದು ಅಂತ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಮೀಟರ್‌ನ ಡಯೋಡ್ ರೇಂಜ್ ಹಿಡಿಯಿರಿ. ಕೆಂಪು ಕಡ್ಡಿ ಒಂದು ಕಾಲಿನ ಮೇಲೆ ಇಟ್ಟು, ಕಪ್ಪು ಉಳಿದ ಎರಡರ ಮೇಲೂ 0.6-0.7 ತೋರಿಸಿದರೆ ಕೆಂಪು ಇರುವುದು ಬೇಸ್, ಅದು ಎನ್‌ಪಿಎನ್. ಕಪ್ಪು ಕಡ್ಡಿ ಹಿಡಿದಾಗ ಹಾಗೆ ಬಂದರೆ ಪಿಎನ್‌ಪಿ. ಎರಡು ನಂಬರ್‌ನಲ್ಲಿ ಸ್ವಲ್ಪ ಜಾಸ್ತಿ ತೋರಿಸಿದ ಕಾಲು ಸಾಮಾನ್ಯವಾಗಿ ಎಮಿಟರ್. ಎಲ್ಲದರ ಕಾಲಿನ ಸಾಲೂ ಒಂದೇ ಅಂತ ನಂಬಬೇಡಿ. ಚಪ್ಪಟೆ ಮುಖ ನಿಮ್ಮ ಕಡೆ ಇಟ್ಟರೆ ಬಿಸಿ547 ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904 ಅದಕ್ಕೆ ಪೂರ್ತಿ ಉಲ್ಟಾ. ಸಿ1815ರಲ್ಲಿ ಎಮಿಟರ್, ಕಲೆಕ್ಟರ್, ಬೇಸ್. ನಮ್ಮ ಕಾಲೇಜು ಲ್ಯಾಬ್‌ಗಳಲ್ಲಿ ವರ್ಷಗಟ್ಟಲೆ ಓಡಾಡಿದ ಎಸ್‌ಎಲ್100, ಎಸ್‌ಕೆ100ರ ಲೋಹದ ಟೋಪಿಯಲ್ಲಿ ಚಿಕ್ಕ ನಾಲಿಗೆ ಇರುತ್ತದೆ, ಅದರ ಪಕ್ಕದ್ದು ಎಮಿಟರ್, ಟೋಪಿಗೆ ಸೇರಿದ್ದು ಕಲೆಕ್ಟರ್.

ಕ್ಲಿಪ್ ಹಾಕಿ. ಸ್ವಿಚ್ 1ರಲ್ಲಿ ಇರಲಿ, ಯಾವಾಗಲೂ 1ರಿಂದಲೇ ಶುರು. ಒಳ್ಳೆಯ ಸಿಲಿಕಾನ್ ಟ್ರಾನ್ಸಿಸ್ಟರ್ ಇಲ್ಲಿ ಸೊನ್ನೆ ತೋರಿಸುತ್ತದೆ, ತಪ್ಪಿದರೆ ಕೊನೆ ಅಂಕಿ 1 ಅಂತ ಮಿಣುಕಬಹುದು. ಬೇಸ್ ಕಾಲನ್ನು ಬೆರಳಲ್ಲಿ ಮುಟ್ಟಬೇಡಿ, ನಿಮ್ಮ ಮೈಯಲ್ಲಿರುವ ಮೇನ್ಸ್ ಹಮ್ ಕೂಡ ವರ್ಧನೆ ಆಗಿ ನಂಬರ್ ಬರುತ್ತದೆ. ಹತ್ತಿಪ್ಪತ್ತು ಮಿಲಿವೋಲ್ಟ್ ಸ್ಥಿರವಾಗಿ ನಿಂತರೆ ಆ ಸಿಲಿಕಾನ್ ಟ್ರಾನ್ಸಿಸ್ಟರ್ ಕಸದ ಡಬ್ಬಿಗೆ, ಗೇನ್ ಎಷ್ಟೇ ಚೆನ್ನಾಗಿರಲಿ. ಮೀಟರ್ ಓವರ್ ಆಗಿ ಬರೀ 1 ತೋರಿಸಿದರೆ 20 ವೋಲ್ಟ್ ರೇಂಜ್‌ಗೆ ಹೋಗಿ. ಅಲ್ಲಿ 5 ಬಂದರೆ ಕಲೆಕ್ಟರ್-ಎಮಿಟರ್ ಶಾರ್ಟ್.

1ರಿಂದ ಶುರು ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 1ನೇ ಜಾಗದಲ್ಲಿ ಶಾರ್ಟ್ ಆದ ಟ್ರಾನ್ಸಿಸ್ಟರ್ ಇದ್ದರೂ ಹರಿಯುವುದು ಅರ್ಧ ಮಿಲಿಆಂಪ್. 4ನೇ ಜಾಗದಲ್ಲಿ ಅದೇ ಟ್ರಾನ್ಸಿಸ್ಟರ್ ಇದ್ದರೆ 5 ವೋಲ್ಟ್‌ಗೂ ಸೊನ್ನೆಗೂ ನಡುವೆ ಇರುವುದು 1 ಓಮ್ ಮಾತ್ರ, ಬಟನ್ ಒತ್ತದಿದ್ದರೂ. ಫ್ಯೂಸ್ ಹಾಕಿರುವುದು ಆ ದಿನಕ್ಕೆ.

ಲೀಕೇಜ್ ಪಾಸ್ ಆದರೆ 2ಕ್ಕೆ ಬನ್ನಿ, ಬಟನ್ ಒತ್ತಿ. ಬಿಸಿ547ಬಿ ಆದರೆ 290, 310 ಹೀಗೆ ಏನೋ ಬರುತ್ತದೆ. ಡೇಟಾಶೀಟ್ ಪ್ರಕಾರ ಎ ಗುಂಪಿಗೆ 110ರಿಂದ 220, ಬಿ ಗುಂಪಿಗೆ 200ರಿಂದ 450, ಸಿ ಗುಂಪಿಗೆ 420ರಿಂದ 800. ಆ ನಂಬರ್‌ಗಳು 2 ಮಿಲಿಆಂಪ್ ಕಲೆಕ್ಟರ್ ಕರೆಂಟಿನಲ್ಲಿ ಕೊಟ್ಟಿದ್ದು, ನಮ್ಮ ಪೆಟ್ಟಿಗೆಯೂ ಹೆಚ್ಚುಕಡಿಮೆ ಅಲ್ಲೇ ಅಳೆಯುತ್ತದೆ. ಪಿಎನ್‌ಪಿ ಆದರೆ ನಂಬರ್ ಮುಂದೆ ಮೈನಸ್ ಬರುತ್ತದೆ, ಅಷ್ಟೇ. ಗೇನ್ 3, 5, 8 ಅಂತ ಬಂದರೆ ಬಿಸಾಡಬೇಡಿ. ಎಮಿಟರ್ ಮತ್ತು ಕಲೆಕ್ಟರ್ ಅದಲು ಬದಲು ಮಾಡಿ ನೋಡಿ, ಉಲ್ಟಾ ಹಾಕಿದ ಟ್ರಾನ್ಸಿಸ್ಟರ್ ಕೂಡ ಸ್ವಲ್ಪ ಕೆಲಸ ಮಾಡುತ್ತದೆ.

ಎಸ್‌ಎಲ್100, ಬಿಡಿ139 ಇವುಗಳಿಗೆ 3ನೇ ಜಾಗ. ಟಿಐಪಿ31, 2ಎನ್3055, 2ಎಸ್‌ಸಿ5200 ಇವಕ್ಕೆ 4. ಚಿಕ್ಕ ಪ್ಲಾಸ್ಟಿಕ್ ಟ್ರಾನ್ಸಿಸ್ಟರ್‌ಗಳನ್ನು 4ರಲ್ಲಿ ಹಾಕಬೇಡಿ. ಗೇನ್ 300 ಇದ್ದರೆ 300 ಮಿಲಿಆಂಪ್ ಹರಿದು ಕ್ಷಣದಲ್ಲಿ ಸುಡುತ್ತದೆ. ದೊಡ್ಡದಕ್ಕೂ ಬಟನ್ ಎರಡು ಸೆಕೆಂಡ್ ಒತ್ತಿದರೆ ಸಾಕು. ಹಿಡಿದೇ ಇದ್ದರೆ ಒಳಗೆ ಬಿಸಿಯಾಗಿ ಗೇನ್ ಏರುತ್ತಾ ಹೋಗುತ್ತದೆ.

ಜೋಡಿ ಹೊಂದಿಸಲು ಈ ಪೆಟ್ಟಿಗೆ ಬಹಳ ಉಪಯೋಗ. ಆಂಪ್ಲಿಫೈಯರ್‌ನ ಮೊದಲ ಹಂತದಲ್ಲಿ ಎರಡು ಒಂದೇ ತರಹದ ಟ್ರಾನ್ಸಿಸ್ಟರ್ ಬೇಕಾಗುತ್ತದೆ. ನಾನು ಇಪ್ಪತ್ತು ಬಿಸಿ557 ತಂದು, ಮುಟ್ಟದೆ ಐದು ನಿಮಿಷ ಟೇಬಲ್ ಮೇಲೆ ಬಿಟ್ಟು, ಆಮೇಲೆ ಇಕ್ಕಳದಲ್ಲಿ ಎತ್ತಿ ಒಂದೊಂದೇ ಅಳೆಯುತ್ತೇನೆ. ಬೆರಳಿನ ಬಿಸಿಗೇ ಐದಾರು ಅಂಕಿ ಏರುತ್ತದೆ, ಅದಕ್ಕೆ ಇಕ್ಕಳ. ಥರ್ಮೋಕೋಲ್ ಹಾಳೆಗೆ ಚುಚ್ಚಿ ಪಕ್ಕದಲ್ಲಿ ನಂಬರ್ ಬರೆಯಿರಿ, ಜೋಡಿ ತಾನಾಗೇ ಕಾಣುತ್ತದೆ.

ಜರ್ಮೇನಿಯಂ ಬಂದಾಗ

ಹಳೆಯ ರೇಡಿಯೋ ಇಟ್ಟುಕೊಂಡವರಿಗೆ, ಗಿಟಾರ್‌ಗೆ ಫಝ್ ಪೆಡಲ್ ಮಾಡುವವರಿಗೆ ಎಸಿ128, ಎಸಿ187, ಎಸಿ188 ತರಹದ, ಸಿಲಿಕಾನ್ ಬದಲು ಜರ್ಮೇನಿಯಂನಿಂದ ಮಾಡಿದ ಹಳೆಯ ಟ್ರಾನ್ಸಿಸ್ಟರ್‌ಗಳು ಸಿಗುತ್ತಲೇ ಇರುತ್ತವೆ. ಲೀಕೇಜ್ ಮೊದಲು ಅನ್ನುವ ಮಾತು ಇವಕ್ಕೆ ಎಲ್ಲಕ್ಕಿಂತ ಜಾಸ್ತಿ ಅನ್ವಯ. ಜರ್ಮೇನಿಯಂ ಲೀಕ್ ಆಗುವುದು ಅದರ ಗುಣ, ಕೆಟ್ಟಿದೆ ಅಂತ ಅರ್ಥ ಅಲ್ಲ. 2ನೇ ಜಾಗದಲ್ಲಿ ಬಟನ್ ಒತ್ತದೆ ಒಂದು ನಂಬರ್ ಬರೆದುಕೊಳ್ಳಿ, ಒತ್ತಿ ಇನ್ನೊಂದು. ನನ್ನ ಹತ್ತಿರದ ಒಂದು ಎಸಿ128 ಒತ್ತದೆ 28, ಒತ್ತಿದರೆ 122 ತೋರಿಸಿತು. ವ್ಯತ್ಯಾಸ 94. ಜರ್ಮೇನಿಯಂ ಬೇಸ್ ತಿನ್ನುವುದು 0.2 ವೋಲ್ಟ್ ಮಾತ್ರ, ಹಾಗಾಗಿ ಬೇಸ್ ಕರೆಂಟ್ 10ರ ಬದಲು 10.9 ಮೈಕ್ರೋಆಂಪ್ ಹೋಗಿರುತ್ತದೆ. 94 ಭಾಗಿಸು 1.09, ನಿಜವಾದ ಗೇನ್ 86. ಮಲ್ಟಿಮೀಟರ್ ತೂತಿನಲ್ಲಿ ಹಾಕಿದ್ದರೆ ಲೀಕೇಜ್ ಕೂಡ ಗೇನ್‌ನಲ್ಲಿ ಸೇರಿ ನೂರು ದಾಟಿದ ನಂಬರ್ ಬರುತ್ತಿತ್ತು. ಲೀಕೇಜ್ ಜಾಸ್ತಿ ಇದ್ದಷ್ಟೂ ಗೇನ್ ಜಾಸ್ತಿ ಅನಿಸುತ್ತದೆ, ಅಂದರೆ ಕೆಟ್ಟದ್ದೇ ಒಳ್ಳೆಯದಾಗಿ ಕಾಣುತ್ತದೆ. ಈ ಮೋಸ ಒಮ್ಮೆ ಕಣ್ಣಾರೆ ನೋಡಿದ ಮೇಲೆ ನಾನು ಜರ್ಮೇನಿಯಂಗೆ ಆ ತೂತು ಬಳಸುವುದನ್ನೇ ಬಿಟ್ಟೆ.

ಉಷ್ಣತೆ 10 ಡಿಗ್ರಿ ಏರಿದರೆ ಜರ್ಮೇನಿಯಂ ಲೀಕೇಜ್ ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ. ಡಿಸೆಂಬರ್ ಬೆಳಗ್ಗೆ ಮಡಿಕೇರಿಯಲ್ಲಿ ಅಳೆದದ್ದಕ್ಕೂ ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ ಅಳೆದದ್ದಕ್ಕೂ ಹೋಲಿಕೆ ಇರುವುದಿಲ್ಲ. ನಂಬರ್ ಪಕ್ಕದಲ್ಲಿ ಆ ದಿನದ ಬಿಸಿಲನ್ನೂ ಬರೆದಿಡಿ.

ಪೆಟ್ಟಿಗೆ ತಪ್ಪು ದಾರಿಗೆ ಎಳೆಯುವ ಜಾಗ

ಟಿಐಪಿ122 ತರಹದ ಡಾರ್ಲಿಂಗ್ಟನ್ (ಒಂದೇ ಮೈಯೊಳಗೆ ಒಂದರ ಹಿಂದೆ ಒಂದು ಎರಡು ಟ್ರಾನ್ಸಿಸ್ಟರ್ ಇರುವುದು) ಇಟ್ಟರೆ 2ರಲ್ಲಿ ಸೊನ್ನೆ ಬರುತ್ತದೆ. ಅದು ಕೆಟ್ಟಿಲ್ಲ. ಒಳಗೆ ಬೇಸ್-ಎಮಿಟರ್ ನಡುವೆ ರೆಸಿಸ್ಟರ್‌ಗಳಿವೆ, ನಾವು ಕೊಟ್ಟ ಚೂರು ಕರೆಂಟನ್ನು ಅವೇ ಕುಡಿದುಬಿಡುತ್ತವೆ. ಹಾಗಂತ 4ಕ್ಕೆ ಹೋಗಬೇಡಿ, ಅಲ್ಲಿ ಸಾವಿರದ ಗೇನ್ ಅಂದರೆ ಒಂದು ಆಂಪ್, ಫ್ಯೂಸ್ ಹೋಗುತ್ತದೆ. ಹಳೆಯ ಟಿವಿಯ ಡಿ1555, ಬಿಯು508ಡಿ ಇವುಗಳದ್ದೂ ಇದೇ ಕಥೆ, ಅವುಗಳೊಳಗೆ ಡ್ಯಾಂಪರ್ ಡಯೋಡ್ ಜೊತೆ ತುಂಬಾ ಕಡಿಮೆ ಓಮ್‌ನ ರೆಸಿಸ್ಟರ್ ಕೂತಿರುತ್ತದೆ. ಮಾಸ್‌ಫೆಟ್‌ಗೆ ಈ ಪೆಟ್ಟಿಗೆ ಅಲ್ಲವೇ ಅಲ್ಲ. ಬೋರ್ಡ್‌ನಿಂದ ಬಿಚ್ಚದೆ ಅಳೆಯುವುದೂ ಆಗುವುದಿಲ್ಲ, ಸುತ್ತಲಿನ ರೆಸಿಸ್ಟರ್‌ಗಳು ಲೀಕೇಜ್‌ನಂತೆ ಕಾಣುತ್ತವೆ. ಎಷ್ಟು ವೋಲ್ಟ್ ತಡೆಯುತ್ತದೆ ಅನ್ನುವುದನ್ನು ನಾನು ಬೇಕಂತಲೇ ಸೇರಿಸಿಲ್ಲ. ಅದಕ್ಕೆ ನೂರಾರು ವೋಲ್ಟ್ ಬೇಕು, ತೆರೆದ ಕ್ಲಿಪ್‌ನಲ್ಲಿ ಅಷ್ಟು ವೋಲ್ಟ್ ಇಡುವುದು ನನಗೆ ಒಪ್ಪಿಗೆ ಇಲ್ಲ.

ಮೂರನೇ ಪ್ರಶ್ನೆಗೆ ಒಂದು ಬಲ್ಬ್

ಇಷ್ಟೆಲ್ಲ ಆದರೂ ಆ ಸಾಸಿವೆ ಕಾಳಿನ 2ಎನ್3055 ಈ ಪೆಟ್ಟಿಗೆಯಲ್ಲಿ ಪಾಸ್ ಆಗುತ್ತದೆ. 4ನೇ ಜಾಗದಲ್ಲಿ ಹರಿಯುವುದು 50-60 ಮಿಲಿಆಂಪ್, ಅಷ್ಟನ್ನು ಆ ಚಿಕ್ಕ ಸಿಲಿಕಾನ್ ಚೂರೂ ತಡೆಯುತ್ತದೆ. ದೊಡ್ಡ ಕರೆಂಟಿನಲ್ಲೇ ನಕಲಿ ಬಯಲಾಗುವುದು. ಅದಕ್ಕೆ ಬೇರೆ ಒಂದು ಹಲಗೆ ಮಾಡಿ.

12 ವೋಲ್ಟ್ ಯುಪಿಎಸ್ ಬ್ಯಾಟರಿ, 5 ಆಂಪ್ ಫ್ಯೂಸ್, ಕಾರಿನ ಇಂಡಿಕೇಟರ್‌ನ 21 ವ್ಯಾಟ್ ಬಲ್ಬ್, 68 ಓಮ್ 5 ವ್ಯಾಟ್ ರೆಸಿಸ್ಟರ್, ಒಂದು ಪುಶ್ ಬಟನ್. ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್, ಅಲ್ಲಿಂದ ಬಲ್ಬ್, ಬಲ್ಬ್‌ನಿಂದ ಕಲೆಕ್ಟರ್. 2ಎನ್3055ರಲ್ಲಿ ಲೋಹದ ಮೈಯೇ ಕಲೆಕ್ಟರ್. ಎಮಿಟರ್ ಮೈನಸ್‌ಗೆ. ಫ್ಯೂಸ್ ಆದಮೇಲಿನ ಪ್ಲಸ್‌ನಿಂದ ಬಟನ್, 68 ಓಮ್, ಬೇಸ್. ಎಂಜೆ2955 ತರಹದ ಪಿಎನ್‌ಪಿ ಆದರೆ ಬ್ಯಾಟರಿ ತುದಿ ಅದಲು ಬದಲು ಮಾಡಿ.

ಬಟನ್ ಒತ್ತದೆಯೇ ಬಲ್ಬ್ ಹತ್ತಿದರೆ ಶಾರ್ಟ್. ಒತ್ತಿದರೆ ಪೂರ್ತಿ ಬೆಳಕು ಬರಬೇಕು, ಆಗ ಹರಿಯುವುದು ಸುಮಾರು ಒಂದೂ ಮುಕ್ಕಾಲು ಆಂಪ್. ಒತ್ತಿ ಹಿಡಿದು ಕಲೆಕ್ಟರ್-ಎಮಿಟರ್ ನಡುವೆ ವೋಲ್ಟೇಜ್ ನೋಡಿ. 2ಎನ್3055ರ ಡೇಟಾಶೀಟ್ 4 ಆಂಪ್ ಕಲೆಕ್ಟರ್, 0.4 ಆಂಪ್ ಬೇಸ್ ಇದ್ದಾಗ 1.1 ವೋಲ್ಟ್ ದಾಟಬಾರದು ಅನ್ನುತ್ತದೆ. ನಮ್ಮದು ಅದರ ಅರ್ಧಕ್ಕಿಂತ ಕಡಿಮೆ ಕರೆಂಟ್. ನಾನು ಅರ್ಧ ವೋಲ್ಟ್‌ಗಿಂತ ಕಡಿಮೆ ಬಂದರೆ ಇಟ್ಟುಕೊಳ್ಳುತ್ತೇನೆ, ಒಂದು ವೋಲ್ಟ್ ದಾಟಿದರೆ ಅಂಗಡಿಗೆ ವಾಪಸ್. ಹತ್ತು ಸೆಕೆಂಡ್ ಹಿಡಿದಾಗ ಆ ವೋಲ್ಟೇಜ್ ಏರುತ್ತಾ ಹೋಗಿ ಬಲ್ಬ್ ಮಂಕಾದರೆ ಒಳಗಿನ ಚಿಪ್ ಚಿಕ್ಕದು ಅಂತಲೇ ಲೆಕ್ಕ.

ಆ ಜೋಡಿಯಲ್ಲಿ ಉಳಿದಿದ್ದ ಇನ್ನೊಂದನ್ನು ಹೀಗೇ ಹಿಡಿದು ನೋಡಿದೆ. ಪೆಟ್ಟಿಗೆಯಲ್ಲಿ ಲೀಕೇಜ್ ಸೊನ್ನೆ, ಗೇನ್ 64. ಬಲ್ಬ್ ಹಲಗೆಯಲ್ಲಿ 1.6 ವೋಲ್ಟ್, ಹತ್ತು ಸೆಕೆಂಡ್‌ಗೆ 2.1. ಅದರ ಟೋಪಿ ಮೇಲೆ ಕೆಂಪು ಮಾರ್ಕರ್‌ನಲ್ಲಿ ಗೀಟು ಹಾಕಿ ಹಲಗೆಗೇ ಸ್ಕ್ರೂ ಮಾಡಿ ಇಟ್ಟಿದ್ದೇನೆ. ಹೊಸದಾಗಿ ಕಲಿಯುವವರು ಮನೆಗೆ ಬಂದಾಗ ಮೊದಲು ಅದನ್ನೇ ಅಳೆಯಲು ಕೊಡುತ್ತೇನೆ.